ಅಂಚೆಗೂ ಒಂದು ವೇಳೆ ಇರಲಿ



ನ್ಯಾಮತಿಯ ಸಮೀಪದ ಗ್ರಾಮವೊಂದರಲ್ಲಿ ನಮಗೆ ಬಹುಕಾಲದಿಂದ ಪರಿಚಿತವಾದ ಶರಣ ಕುಟುಂಬವೊಂದಿದೆ. ಮನೆಯ ಹಿರಿಯರು ಅಡಿಕೆ ತೋಟ, ಭತ್ತದ ಗದ್ದೆಗಳನ್ನು ನೋಡಿಕೊಂಡಿದ್ದಾರೆ. ಮಗ ಇಂಜಿನಿಯರಿಂಗ್ ಓದಿ ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿದ್ದಾನೆ. 2020ರ ಕೊರೊನಾ ಕಾಲದಲ್ಲಿ ಊರಿಗೆ ಮರಳಿದವನು ಇಂದಿಗೂ ತಿಂಗಳಲ್ಲಿ ಹೆಚ್ಚಿನ ದಿನಗಳು ಮನೆಯಿಂದಲೇ ಕೆಲಸ ಮಾಡುತ್ತಾನೆ. ಮಗನು ಕಣ್ಣೆದುರಿಗಿದ್ದಾನೆಂಬ ಸಂತೋಷ ಆ ತಾಯಿತಂದೆಗಳಿಗೆ ಇದೆ.

ಇತ್ತೀಚೆಗೆ ಒಂದು ಮುಂಜಾನೆ ನಾವು ಅಲ್ಲಿ ತಂಗಿದ್ದಾಗ ತಂದೆ ಮಕ್ಕಳಿಬ್ಬರೂ ನಮ್ಮೊಡನೆ ಪೂಜೆಗೆ ಕುಳಿತರು. ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡಗೈಯಲ್ಲಿ ಇರಿಸಿಕೊಂಡು ದೃಷ್ಟಿ ನಿಲ್ಲಿಸುವ ಹೊತ್ತಿಗೆ, ಪತ್ರೆಯ ತಟ್ಟೆಯ ಪಕ್ಕದಲ್ಲಿದ್ದ ಫೋನು ಒಮ್ಮೆ ಗುಂಯ್‌ಗುಟ್ಟಿತು. ಹುಡುಗನ ಕಣ್ಣು ಅತ್ತ ಹೊರಳಿತು. ತುಸು ತಡೆದನು. ಮತ್ತೊಮ್ಮೆ ಸದ್ದಾಯಿತು. ಎಡಗೈಯಲ್ಲಿ ಲಿಂಗವಿದ್ದಂತೆಯೇ ಬಲಗೈ ಫೋನಿನತ್ತ ಚಾಚಿತು. ತಂದೆ ನೋಡಿದರು, ಮಾತನಾಡಲಿಲ್ಲ.

ಪ್ರಸಾದಕ್ಕೆ ಕುಳಿತಾಗ ಅವರು, "ನೋಡಿದಿರಲ್ಲ ಶರಣರೇ" ಎಂದಷ್ಟೇ ಹೇಳಿ ನಿಟ್ಟುಸಿರಿಟ್ಟರು. ಮಗನು ತಲೆ ತಗ್ಗಿಸಿ, "ಅಪ್ಪಾಜಿ, ಅದು ಆಫೀಸಿನ ಮೇಲ್. ನೋಡುವ ತನಕ ತಲೆಯೊಳಗೆ ಕೊರೆಯುತ್ತಲೇ ಇರುತ್ತದೆ" ಎಂದನು. ಅಷ್ಟು ತುರ್ತಿನ ವಿಷಯವೇನೆಂದು ನಾವು ಕೇಳಿದೆವು. ಬೆಂಗಳೂರಿನ ಕಚೇರಿಯ ಕಟ್ಟಡದಲ್ಲಿ ಲಿಫ್ಟು ದುರಸ್ತಿಯಲ್ಲಿದೆ, ಮೆಟ್ಟಿಲು ಬಳಸಿರಿ ಎಂಬ ಪ್ರಕಟಣೆ! ಮುನ್ನೂರು ಕಿಲೋಮೀಟರು ದೂರದ ಲಿಫ್ಟಿನ ಸಲುವಾಗಿ ನ್ಯಾಮತಿ ಸೀಮೆಯ ಒಂದು ಮನೆಯಲ್ಲಿ ಪೂಜೆ ತಪ್ಪಿತು. ಎಲ್ಲರೂ ನಕ್ಕೆವು. ಆದರೆ ಆ ನಗೆಯಲ್ಲಿ ತಂದೆಯವರು ಸೇರಲಿಲ್ಲ.

ಈ ಅಂಕಣದಲ್ಲಿ ಇ-ಮೇಲಿನ ವಿಚಾರವೇ ಎಂದು ಹಿರಿಯ ಓದುಗರು ಹುಬ್ಬೇರಿಸಬಹುದು. ಕಾಯಕವನ್ನು ಕೈಲಾಸವೆಂದು ನಂಬಿದ ಸಮಾಜಕ್ಕೆ, ಕಾಯಕದ ನಡುವೆ ಮನಸ್ಸನ್ನು ಕದಿಯುವ ಯಾವುದೇ ಆಗಲಿ ವಿಚಾರಾರ್ಹವೇ ಆಗಿದೆ. ಇಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಸಹಕಾರ ಸಂಘದ ಕಾರ್ಯದರ್ಶಿ, ಶಾಲೆಯ ಮುಖ್ಯೋಪಾಧ್ಯಾಯರು, ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ಬ್ಯಾಂಕಿನ ನೌಕರರು, ಮನೆಯಲ್ಲೇ ಕುಳಿತು ದೂರದ ಸಂಸ್ಥೆಗಳಿಗೆ ದುಡಿಯುವ ನಮ್ಮ ಮಕ್ಕಳು ಸೊಸೆಯಂದಿರು, ಇವರಾರೂ ಇ-ಮೇಲಿನಿಂದ ಹೊರತಾಗಿಲ್ಲ. ಮಿಂಚಂಚೆ ಎಂಬ ಸೊಗಸಾದ ಕನ್ನಡ ಹೆಸರೂ ಅದಕ್ಕಿದೆ. ಮಿಂಚಿನ ವೇಗದಲ್ಲಿ ಬರುವುದೆಂಬುದು ನಿಜ. ಆದರೆ ಮಿಂಚಿನ ವೇಗದಲ್ಲಿಯೇ ನೋಡಬೇಕೆಂದು ಆ ಹೆಸರಿನಲ್ಲಿ ಎಲ್ಲಿಯೂ ಹೇಳಿಲ್ಲ.

ಅಂಚೆಯೆಂಬುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದ ಅಂಚೆ ವ್ಯವಸ್ಥೆಯು, 1889ರಲ್ಲಿ ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ವಿಲೀನವಾಗುವವರೆಗೆ ಎರಡು ಶತಮಾನಗಳಿಗೂ ಮಿಕ್ಕಿ ನಡೆಯಿತು. ಆಮೇಲೆಯೂ ಹಳ್ಳಿಗಳಲ್ಲಿ ಅಂಚೆಯವನು ದಿನಕ್ಕೊಮ್ಮೆ ಬರುತ್ತಿದ್ದನು. ಅವನು ಬರುವ ಹೊತ್ತು ಎಲ್ಲರಿಗೂ ಗೊತ್ತು. ಅಲ್ಲಿಯವರೆಗೆ ಯಾರೂ ಹೊಲ ಬಿಟ್ಟು ಬಂದು ಜಗಲಿಯ ಮೇಲೆ ಕಾದು ಕೂರುತ್ತಿರಲಿಲ್ಲ. ಅವನು ಹೋದ ಮೇಲೆ ಮರುದಿನದವರೆಗೆ ಅದರ ಚಿಂತೆಯೇ ಇರುತ್ತಿರಲಿಲ್ಲ.

ಸರ್ಕಾರಿ ಕಚೇರಿಗಳಲ್ಲಿಯೂ ಹೀಗೆಯೇ ಒಂದು ಕ್ರಮವಿತ್ತು. ಬಂದ ಟಪಾಲನ್ನೆಲ್ಲ ಆವಕ ವಹಿಯಲ್ಲಿ ದಾಖಲಿಸಿ, ಒಂದು ಕಟ್ಟಾಗಿ ಅಧಿಕಾರಿಯ ಮೇಜಿನ ಮೇಲೆ ಇಡುತ್ತಿದ್ದರು. ಅವರು ಒಂದೇ ಕುಳಿತದಲ್ಲಿ ಎಲ್ಲವನ್ನೂ ನೋಡಿ, ಯಾವುದು ಯಾವ ವಿಷಯ ನಿರ್ವಾಹಕರಿಗೆ ಎಂದು ಅಂಚಿನಲ್ಲಿ ಬರೆದು ಸಹಿ ಮಾಡುತ್ತಿದ್ದರು. ಆ ಬಳಿಕ ಟಪಾಲಿನ ಕಟ್ಟು ಒಳಗೆ ಹೋಗುತ್ತಿತ್ತು, ಕಡತಗಳು ಹೊರಬರುತ್ತಿದ್ದವು. ಟಪಾಲು ನೋಡುವುದೇ ಬೇರೆ, ಕಡತ ನಡೆಸುವುದೇ ಬೇರೆ ಎಂಬ ವಿವೇಕ ಆ ಪದ್ಧತಿಯಲ್ಲಿ ಅಡಗಿತ್ತು. ಆ ಕಚೇರಿಗಳ ವಿಳಂಬವನ್ನು ನಾವು ಹೊಗಳುತ್ತಿಲ್ಲ. ಅದನ್ನು ಅನುಭವಿಸಿದವರಲ್ಲಿ ನಾವೂ ಒಬ್ಬರು. ವಿಳಂಬದ ಜೊತೆಗೆ ಆ ಒಳ್ಳೆಯ ಪದ್ಧತಿಯನ್ನೂ ಎಸೆದುಬಿಟ್ಟೆವಲ್ಲ ಎಂಬುದಷ್ಟೇ ನಮ್ಮ ಕೊರಗು.

ಒಂದು ಗಣಕದಿಂದ ಇನ್ನೊಂದು ಗಣಕಕ್ಕೆ ಜಾಲದ ಮೂಲಕ ಪತ್ರ ಕಳುಹಿಸುವ ಉಪಾಯವನ್ನು ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಇಂಜಿನಿಯರು 1971ರಲ್ಲಿ ಸಾಧಿಸಿದರು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಅದಕ್ಕೆ ಸರಿಯಾಗಿ ಎರಡು ವರ್ಷಗಳ ಅನಂತರ, 1997ರ ಅದೇ ದಿನ, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ ದಾವಣಗೆರೆ ಜಿಲ್ಲೆ ಉದಯಿಸಿತು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಿಂದ ಜಗಳೂರೂ ಬಂದು ಸೇರಿದವು. ಹೊನ್ನಾಳಿಯ ಒಡಲಿನಿಂದ ನ್ಯಾಮತಿ ತಾಲ್ಲೂಕು ಆದದ್ದು ಬಹಳ ತಡವಾಗಿ. ಜಿಲ್ಲೆ ಹೊಸದಾಗಿದ್ದ ಕಾಲದಲ್ಲಿ ತುರ್ತು ಕಾಗದವೊಂದು ಜಗಳೂರಿನಿಂದ ದಾವಣಗೆರೆಗೆ ಹೋಗಬೇಕಾದರೆ ಅದನ್ನು ಹಿಡಿದು ಯಾರಾದರೂ ಬಸ್ಸು ಹತ್ತಲೇಬೇಕಿತ್ತು. ಇಂದು ಗುಂಡಿಯೊಂದನ್ನು ಒತ್ತಿದರೆ ಸಾಕು. ಕಳುಹಿಸುವುದು ಸುಲಭವಾದುದರಿಂದ ಕಳುಹಿಸುವವರು ಹೆಚ್ಚಿದರು. ಒಂದು ಕಾಗದಕ್ಕೆ ಒಂದು ಬಸ್ ಪ್ರಯಾಣವೆಂಬ ಬೆಲೆ ಇದ್ದಾಗ ಮೇಲಧಿಕಾರಿಯೂ ಎರಡು ಬಾರಿ ಯೋಚಿಸುತ್ತಿದ್ದರು.

ಮನಸ್ಸು ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಏನಾಗುತ್ತದೆಂಬುದನ್ನು ಪಾಶ್ಚಾತ್ಯ ವಿದ್ವಾಂಸರು ಅಳೆದು ನೋಡಿದ್ದಾರೆ. ಬ್ರಿಟನ್ನಿನ ಲಫ್‌ಬರೋ ವಿಶ್ವವಿದ್ಯಾಲಯದ ಥಾಮಸ್ ಜಾಕ್ಸನ್ ಮತ್ತು ಸಂಗಡಿಗರು ಈ ಶತಮಾನದ ಆರಂಭದಲ್ಲಿ ಒಂದು ಸಂಸ್ಥೆಯ ನೌಕರರನ್ನು ಗಮನಿಸಿದರು. ಬಂದ ಮೇಲುಗಳಲ್ಲಿ ಶೇಕಡಾ 70ರಷ್ಟಕ್ಕೆ ನೌಕರರು 6 ಸೆಕೆಂಡುಗಳೊಳಗೆ ಸ್ಪಂದಿಸುತ್ತಿದ್ದರು. ದೂರವಾಣಿ ಗಂಟೆಗೂ ನಾವು ಇಷ್ಟು ಚುರುಕಾಗಿ ಓಗೊಡುವುದಿಲ್ಲ. ನೋಡಿಯಾದ ಮೇಲೆ ಮೊದಲಿನ ಕೆಲಸಕ್ಕೆ ಮನಸ್ಸು ಮರಳಿ ಹೊಂದಿಕೊಳ್ಳಲು ಸರಾಸರಿ 64 ಸೆಕೆಂಡುಗಳು ಬೇಕಾಗುತ್ತಿದ್ದವು. ಒಂದು ನಿಮಿಷವಷ್ಟೇ ಅಲ್ಲವೇ ಎನ್ನಬಹುದು. ದಿನಕ್ಕೆ 50 ಸಲ ಹೀಗಾದರೆ ಮೇಲು ಓದಿದ ಕಾಲವನ್ನು ಬಿಟ್ಟು, ಕೇವಲ ಮರಳುವ ದಾರಿಯಲ್ಲಿಯೇ 53 ನಿಮಿಷಗಳು ಹೋದವು. ಒಬ್ಬ ಮೇಷ್ಟರ ಒಂದು ಪಾಠದ ಅವಧಿಗಿಂತ ಹೆಚ್ಚಾಯಿತು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಎಂಬ ವಿದುಷಿಯವರು ಇದೇ ವಿಷಯದಲ್ಲಿ ಎರಡು ದಶಕಗಳ ಕಾಲ ದುಡಿದವರು. 2004ರ ಸುಮಾರಿಗೆ ಜನರು ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ಗಮನ ನಿಲ್ಲಿಸುತ್ತಿದ್ದರೆ, ಇತ್ತೀಚಿನ ವರ್ಷಗಳಲ್ಲಿ ಅದು 47 ಸೆಕೆಂಡುಗಳಿಗೆ ಇಳಿದಿದೆಯೆಂದು 2023ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ತಿಳಿಸಿದ್ದಾರೆ. ಸೋಫಿ ಲೆರಾಯ್ ಎಂಬ ಮತ್ತೊಬ್ಬ ವಿದುಷಿ 2009ರಲ್ಲಿ ತೋರಿಸಿಕೊಟ್ಟದ್ದೇನೆಂದರೆ, ಅಪೂರ್ಣವಾಗಿ ಬಿಟ್ಟುಬಂದ ಕೆಲಸದ ಒಂದಂಶ ಮನಸ್ಸಿನಲ್ಲಿ ಹಾಗೆಯೇ ಅಂಟಿಕೊಂಡಿದ್ದು, ಮುಂದಿನ ಕೆಲಸವನ್ನು ಕೆಡಿಸುತ್ತದೆ. ತೊಳೆಯದ ಪಾತ್ರೆಯಲ್ಲಿ ಹಾಲು ಕಾಸಿದರೆ ಒಡೆಯುವುದೆಂದು ನಮ್ಮ ತಾಯಂದಿರು ಯಾವ ಸಂಶೋಧನೆಯೂ ಇಲ್ಲದೆ ಬಲ್ಲರು.

ಹಾಲು ಒಡೆದ ಒಂದು ನಿಜ ಪ್ರಸಂಗವನ್ನು ಹೇಳುತ್ತೇವೆ. ಚನ್ನಗಿರಿ ತಾಲ್ಲೂಕಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಹೆಸರು ಬೇಡ. ಅಲ್ಲಿಯ ಕಾರ್ಯದರ್ಶಿಗಳು ಪ್ರಾಮಾಣಿಕರು, ಶ್ರಮಜೀವಿಗಳು. ಸಂಘದ ಲೆಕ್ಕಪತ್ರಗಳೆಲ್ಲ ಗಣಕಕ್ಕೆ ಬಂದ ಮೇಲೆ ಅವರ ಕೆಲಸ ಕಡಿಮೆಯಾಗಬೇಕಿತ್ತು, ಆಗಲಿಲ್ಲ. ಒಂದು ಕಡೆ ಮೇಲಿನಿಂದ ಬರುವ ಮೇಲುಗಳು, ಇನ್ನೊಂದು ಕಡೆ ವಾಟ್ಸಾಪಿನ ಗುಂಪುಗಳು, ಎದುರಿಗೆ ನಿಂತ ಸದಸ್ಯರು. ನಿಗದಿತ ಅವಧಿಯೊಳಗೆ ತೀರಿಸಿದ ಬೆಳೆ ಸಾಲಕ್ಕೆ ಬಡ್ಡಿಯಿಲ್ಲ, ಒಂದು ದಿನ ತಪ್ಪಿದರೂ ಆ ಸೌಲಭ್ಯ ಹೋಗುತ್ತದೆಂಬುದು ರೈತ ಕುಟುಂಬಗಳಿಗೆ ತಿಳಿದ ವಿಷಯ. ವಾಯಿದೆ ಸಮೀಪಿಸಿದವರ ಪಟ್ಟಿಯೊಂದು ಅವರಿಗೆ ಮೇಲಿನಲ್ಲಿ ಬಂದಿತು. ರಸೀದಿ ಬರೆಯುತ್ತಿದ್ದವರು ಅದನ್ನು ತೆರೆದು, ಮೇಲಿಂದ ಮೇಲೆ ನೋಡಿ, ಸಂಜೆ ಎಲ್ಲರಿಗೂ ಹೇಳಿಕಳುಹಿಸೋಣವೆಂದುಕೊಂಡು ಮತ್ತೆ ರಸೀದಿಗೆ ಮರಳಿದರು. ತೆರೆದ ಮೇಲು 'ಓದಿದ್ದು' ಎಂಬ ಸಾಲಿಗೆ ಸೇರಿ, ಆಮೇಲೆ ಬಂದ ಇಪ್ಪತ್ತು ಮೂವತ್ತರ ಕೆಳಗೆ ಹೂತುಹೋಯಿತು. ಸಂಜೆಯೂ ನೆನಪಾಗಲಿಲ್ಲ, ಮರುದಿನವೂ ಆಗಲಿಲ್ಲ.

ಪಟ್ಟಿಯಲ್ಲಿದ್ದ ಹೆಚ್ಚಿನವರು ತಾವಾಗಿಯೇ ಬಂದು ಕಟ್ಟಿದ್ದರು. ಒಬ್ಬ ವಿಧವೆ ತಾಯಿ ಮಾತ್ರ ಸಂಘದವರು ಹೇಳಿಕಳುಹಿಸುವರೆಂದು ಕಾದಿದ್ದರು. ಪ್ರತಿ ವರ್ಷವೂ ಹಾಗೆಯೇ ನಡೆದುಬಂದಿತ್ತು. ಹಣ ಮನೆಯಲ್ಲಿಯೇ ಇತ್ತು. ಅವಧಿ ಮೀರಿ ಬಡ್ಡಿ ಬಿದ್ದಿತು. ಆ ಕಾರ್ಯದರ್ಶಿಗಳು ಆ ಬಡ್ಡಿಯನ್ನು ತಮ್ಮ ಸಂಬಳದಿಂದ ಕಟ್ಟಿದರೆಂಬುದು ಅವರ ದೊಡ್ಡ ಗುಣ. "ಆ ಮೇಲು ನಾನು ನೋಡಿಯೇ ಇರದಿದ್ದರೆ ಚೆನ್ನಾಗಿತ್ತು. ನೋಡದ ಮೇಲನ್ನು ಸಂಜೆ ನೋಡುತ್ತಿದ್ದೆ. ನೋಡಿದೆನಾದ್ದರಿಂದ ಕಳೆದುಕೊಂಡೆ" ಎಂದು ಅವರು ನಮ್ಮೆದುರಿಗೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. ಅರೆಗಣ್ಣಿನಲ್ಲಿ ಓದಿದ ಪತ್ರವು ಓದದ ಪತ್ರಕ್ಕಿಂತ ಅಪಾಯಕಾರಿ ಎಂಬ ಈ ಅನುಭವ ಯಾವ ವಿಶ್ವವಿದ್ಯಾಲಯದ ಪ್ರಬಂಧಕ್ಕೂ ಕಡಿಮೆಯದಲ್ಲ.

ಹನ್ನೆರಡನೆಯ ಶತಮಾನದ ಶರಣರಿಗೆ ಮೇಲು ಇರಲಿಲ್ಲ. ಚಿತ್ತವು ಕಾಯಕದಿಂದ ಜಾರುವ ಪ್ರಸಂಗಗಳು ಮಾತ್ರ ಅವರಿಗೂ ಇದ್ದವು. ಆಯ್ದಕ್ಕಿ ಮಾರಯ್ಯನವರ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಅನುಭವ ಗೋಷ್ಠಿಯ ಮಾತಿನ ಸವಿಯಲ್ಲಿ ಮೈಮರೆತು ಅಕ್ಕಿ ಆಯುವ ಕಾಯಕದ ಹೊತ್ತನ್ನು ಮೀರಿದಾಗ, ಅವರನ್ನು ಎಚ್ಚರಿಸಿದವರು ಪತ್ನಿ ಲಕ್ಕಮ್ಮನವರು. ಅವರನ್ನು ಸೆಳೆದದ್ದು ಕೆಟ್ಟ ವಿಷಯವೇನೂ ಅಲ್ಲ, ಶಿವಾನುಭವವೇ. ಒಳ್ಳೆಯದಾದರೂ ವೇಳೆ ಮೀರಬಾರದೆಂಬುದು ಅಲ್ಲಿಯ ತಿರುಳು. ನುಲಿಯ ಚಂದಯ್ಯನವರದಂತೂ ಇನ್ನೂ ಕಠಿಣವಾದ ನಿಷ್ಠೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ಕಳಚಿ ಬಿದ್ದರೂ ಕಾಯಕವನ್ನು ನಿಲ್ಲಿಸದೆ, ಕೊನೆಗೆ ಲಿಂಗವನ್ನೇ ಹಗ್ಗ ಮಾರುವ ಕಾಯಕಕ್ಕೆ ಹಚ್ಚಿದರೆಂದು ಶರಣ ಪರಂಪರೆ ಹೇಳುತ್ತದೆ. ಲಿಂಗದ ಕರೆಗೂ ಕೈ ನಿಲ್ಲಿಸದ ಶರಣರ ವಂಶದವರೆಂದು ಹೇಳಿಕೊಳ್ಳುವ ನಾವು ಲಿಫ್ಟಿನ ಕರೆಗೆ ಕೈ ಚಾಚುತ್ತಿದ್ದೇವೆ!

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕೋಸ್ತಾದಿನ್ ಕುಶ್ಲೆವ್ ಮತ್ತು ಎಲಿಜಬೆತ್ ಡನ್ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯಿತು. 124 ಮಂದಿಯನ್ನು ಆರಿಸಿ, ಒಂದು ವಾರ ಇಷ್ಟ ಬಂದಷ್ಟು ಸಲ ಮೇಲು ನೋಡಿರೆಂದೂ, ಇನ್ನೊಂದು ವಾರ ಸದ್ದುಗಳನ್ನೆಲ್ಲ ನಿಲ್ಲಿಸಿ ದಿನಕ್ಕೆ ಮೂರೇ ಸಲ ನೋಡಿರೆಂದೂ ಅವರು ಸೂಚಿಸಿದರು. ಮೂರು ಸಲದ ವಾರದಲ್ಲಿ ಅವರ ಮನಸ್ಸಿನ ಒತ್ತಡ ಗಮನಾರ್ಹವಾಗಿ ಇಳಿಯಿತು. ತ್ರಿಕಾಲ ಲಿಂಗಪೂಜೆಯ ಸಂಪ್ರದಾಯವುಳ್ಳ ನಮಗೆ ಈ ಮೂರರ ಸಂಖ್ಯೆ ಆಕಸ್ಮಿಕವಾದರೂ ಆಪ್ತವಾಗಿ ಕಂಡಿತು. ದೇವರ ಪೂಜೆಗೇ ವೇಳೆ ಗೊತ್ತುಮಾಡಿರುವಾಗ ಅಂಚೆಗೆ ಇಡೀ ದಿನವನ್ನು ಬಿಟ್ಟುಕೊಡುವುದು ಯಾವ ನ್ಯಾಯ? ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಮೊದಲು ಹೇಳಿದ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರ 2016ರ ಅಧ್ಯಯನದಲ್ಲಿ, ಮೇಲುಗಳನ್ನು ಕಟ್ಟಾಗಿ ನೋಡುವುದರಿಂದ ಒತ್ತಡ ಇಳಿದುದು ಕಂಡುಬರಲಿಲ್ಲ. ದಿನದಲ್ಲಿ ಮೇಲಿಗಾಗಿ ಹೆಚ್ಚು ಕಾಲ ಕಳೆದವರಿಗೇ ಹೆಚ್ಚು ಒತ್ತಡ. ಆದುದರಿಂದ ಎಷ್ಟು ಸಲ ಎಂಬುದರೊಂದಿಗೆ ಪ್ರತಿ ಸಲವೂ ಎಷ್ಟು ಹೊತ್ತು ಎಂಬುದನ್ನೂ ಗೊತ್ತುಪಡಿಸಿಕೊಳ್ಳಬೇಕು.

ಸೂಳೆಕೆರೆಯ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಷ್ಟು ವಿಸ್ತಾರವಾದ ಆ ಕೆರೆಗೆ ಸಿದ್ಧನ ತೂಬು, ಬಸವನ ತೂಬು ಎಂದು ತೂಬುಗಳಿವೆ. ತೂಬು ಎತ್ತುವುದಕ್ಕೂ ಇಳಿಸುವುದಕ್ಕೂ ಕಾಲವುಂಟು. ಸದಾ ಎತ್ತಿಯೇ ಇಟ್ಟರೆ ಕೆರೆ ಎಷ್ಟು ದೊಡ್ಡದಾದರೇನು? ಇನ್ನು ಜಗಳೂರಿನವರು ನೀರಿನ ಬೆಲೆಯನ್ನು ನಮಗೇ ಕಲಿಸುವವರು.

ಜಗಳೂರೆಂದಾಗ ಅಲ್ಲಿಯ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯವರ ಪ್ರಯೋಗವನ್ನು ಹೇಳಲೇಬೇಕು. ಮಕ್ಕಳ ಹಾಜರಾತಿ, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿವೇತನ, ದುರಸ್ತಿಯ ವರದಿ, ಹೀಗೆ ಮಾಹಿತಿ ಕೇಳುವ ಮೇಲುಗಳಿಗೆ ಉತ್ತರಿಸುತ್ತ, ಹತ್ತನೆಯ ತರಗತಿಗೆ ತಾವು ತೆಗೆದುಕೊಳ್ಳಬೇಕಾದ ಗಣಿತದ ಪಾಠ ವಾರದಲ್ಲಿ ಎರಡು ಮೂರು ಸಲ ತಪ್ಪುತ್ತಿತ್ತು. ಒಂದು ದಿನ ಹುಡುಗಿಯೊಬ್ಬಳು, "ಮೇಡಂ, ಇವತ್ತು ಬರ್ತೀರಾ, ಆಫೀಸ್ ಕೆಲಸ ಇದೆಯಾ?" ಎಂದು ಮುಗ್ಧವಾಗಿ ಕೇಳಿದಳಂತೆ. ಆ ಪ್ರಶ್ನೆ ಅವರ ಎದೆಗೆ ನಾಟಿತು. ಮರುದಿನದಿಂದ ಪ್ರಾರ್ಥನೆಗೆ ಮುಂಚೆ ಒಮ್ಮೆ, ಮಧ್ಯಾಹ್ನದ ಊಟದ ಬಳಿಕ ಒಮ್ಮೆ, ಶಾಲೆ ಬಿಟ್ಟ ಮೇಲೆ ಒಮ್ಮೆ, ಪ್ರತಿ ಸಲ ಅರ್ಧ ಗಂಟೆ ಮೀರದಂತೆ ಮೇಲು ನೋಡುವುದೆಂದು ನಿಶ್ಚಯಿಸಿದರು. ಮೇಲಿನ ಕಚೇರಿಗೆ ವಿನಯದಿಂದ ಒಂದು ಪತ್ರವನ್ನೂ ಬರೆದರು: ಈ ವೇಳೆಗಳಲ್ಲಿ ನೋಡಿ ಅದೇ ದಿನ ಉತ್ತರಿಸುತ್ತೇನೆ, ಅದಕ್ಕಿಂತ ತುರ್ತಾದರೆ ದಯವಿಟ್ಟು ಶಾಲೆಗೆ ಕರೆ ಮಾಡಿರಿ. ಮೇಲಧಿಕಾರಿಗಳು ಸಿಟ್ಟಾಗುವರೆಂಬ ಅಂಜಿಕೆ ಅವರಿಗಿತ್ತು. ಮೊದಲ ತಿಂಗಳಲ್ಲಿ ಬಂದ ತುರ್ತು ಕರೆಗಳು ಮೂರು. ಉಳಿದ ತುರ್ತುಗಳೆಲ್ಲ ತಮ್ಮಷ್ಟಕ್ಕೆ ತಾವೇ ಸಂಜೆಯವರೆಗೆ ತಾಳಿಕೊಂಡವು.

ನಿಶ್ಚಿತ ವೇಳೆಯೆಂಬುದು ಜನರನ್ನು ದೂರವಿಡುವುದಲ್ಲ, ಹತ್ತಿರ ತರುವುದು ಎಂಬುದಕ್ಕೆ ನಮ್ಮ ಕಣ್ಣೆದುರಿಗೇ ನಿದರ್ಶನವಿದೆ. ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಸೋಮವಾರಗಳಂದು ಸದ್ಧರ್ಮ ನ್ಯಾಯಪೀಠವನ್ನು ನಡೆಸಿಕೊಂಡು ಬಂದದ್ದನ್ನು ಈ ನಾಲ್ಕೂ ತಾಲ್ಲೂಕುಗಳ ಜನರು ಬಲ್ಲರು. ಅಣ್ಣತಮ್ಮಂದಿರ ಪಾಲು, ಬದುವಿನ ತಗಾದೆ, ಗಂಡಹೆಂಡಿರ ಮುನಿಸು, ಇವುಗಳನ್ನು ಹೊತ್ತು ಬಂದವರಿಗೆ ತಮ್ಮ ಮಾತನ್ನು ಪೂರ್ತಿಯಾಗಿ ಕೇಳುವ ದಿನವೊಂದಿದೆ ಎಂಬ ಭರವಸೆ ಇತ್ತು. ಆ ಪೂಜ್ಯರು ಗಣಕಕ್ಕೆ ಅಪರಿಚಿತರಲ್ಲ. ಪಾಣಿನಿಯ ಅಷ್ಟಾಧ್ಯಾಯಿಯನ್ನು ಗಣಕಕ್ಕೆ ಅಳವಡಿಸಿ 'ಗಣಕಾಷ್ಟಾಧ್ಯಾಯಿ'ಯನ್ನು ರೂಪಿಸಿದವರು. ವ್ಯಾಕರಣದ ಅಂತಹ ಕಾರ್ಯ ಅಖಂಡವಾದ ಹೊತ್ತುಗಳಿಲ್ಲದೆ ಆಗುವಂತಹುದಲ್ಲ.

ಈಗ ಎದುರು ಮಾತೊಂದನ್ನು ನಾವೇ ಆಡಬೇಕು. ಏಕಾಗ್ರತೆಯ ಹೆಸರಿನಲ್ಲಿ ಮೈಗಳ್ಳತನಕ್ಕೆ ಬಾಗಿಲು ತೆರೆದಂತಾಗಲಿಲ್ಲವೇ? ಆಗಬಹುದು. ಪಂಚಾಯಿತಿಯ ಮೇಲಿನಲ್ಲಿರುವುದು ಒಬ್ಬರ ಮನೆಗೆ ಬರಬೇಕಾದ ನೀರು; ನಾಡಕಚೇರಿಯ ಮೇಲಿನಲ್ಲಿರುವುದು ಒಬ್ಬ ವಿದ್ಯಾರ್ಥಿಯ ಜಾತಿ ಆದಾಯ ಪ್ರಮಾಣಪತ್ರ. ಅದನ್ನು ಮೂರು ದಿನ ತೆರೆಯದೆ, 'ನಾವು ಕಾಯಕದಲ್ಲಿದ್ದೆವು' ಎಂದರೆ ಬಸವಣ್ಣನವರ ಹೆಸರಿಗೆ ಕಳಂಕ. ಕಾಯಕಕ್ಕೆ ದಾಸೋಹದ ಜೋಡಿಯಿದೆ. ಬರೆದವರು ಕಾಯುತ್ತಿದ್ದಾರೆಂಬ ಅರಿವಿಲ್ಲದ ಏಕಾಗ್ರತೆ ಸ್ವಾರ್ಥವೇ. ಅದೇ ದಿನ ನೋಡುವುದು, ಅಂದೇ ಆಗದಿದ್ದರೆ 'ತಲುಪಿದೆ, ಇಂಥ ದಿನದೊಳಗೆ ತಿಳಿಸುತ್ತೇವೆ' ಎಂದು ಒಂದು ಸಾಲು ಬರೆಯುವುದು, ಇಷ್ಟಾದರೂ ಬೇಕು. ಕೆಲಸದ ಸ್ವರೂಪವೂ ಬೇರೆ ಬೇರೆ. ಆಸ್ಪತ್ರೆಯವರು, ವಿದ್ಯುತ್ ವಿಭಾಗದವರು ಮೂರು ವೇಳೆಯ ನಿಯಮ ಹಿಡಿದು ಕೂರಲಾಗದು. ಅಂಥವರಿಗೆ ಗಂಟೆಗೊಮ್ಮೆ ಬೇಕಾಗಬಹುದು. ಗಂಟೆಗೊಮ್ಮೆ ಎಂಬುದೂ ಒಂದು ಕಟ್ಟೇ.

ಹೊರದೇಶದ ಸಂಸ್ಥೆಗಳಿಗೆ ದುಡಿಯುವವರ ಪಾಡು ಬೇರೆ. ಹೊನ್ನಾಳಿಯಲ್ಲಿ ನಮ್ಮ ಆಪ್ತರ ಸೊಸೆಯೊಬ್ಬಳು ಅಮೆರಿಕದ ಗ್ರಾಹಕರಿಗಾಗಿ ಮನೆಯಿಂದ ಕೆಲಸ ಮಾಡುತ್ತಾಳೆ. ನ್ಯೂಯಾರ್ಕಿನ ಗಡಿಯಾರ ನಮ್ಮದಕ್ಕಿಂತ ಋತುವಿಗನುಸಾರವಾಗಿ ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ಬೆಳಗಾದಾಗ ಇಲ್ಲಿ ರಾತ್ರಿಯ ಪ್ರಸಾದದ ಹೊತ್ತು. ಮಗುವಿಗೆ ಉಣಿಸುವಾಗಲೂ ಪರದೆ ಬೆಳಗುತ್ತಿತ್ತು. ಹಗಲಿನಲ್ಲಿ ಅವಳು ಗಣಕದೆದುರು ಕುಳಿತಿದ್ದರೆ ಅತ್ತೆಯವರಿಗೆ, 'ಮನೆಯಲ್ಲೇ ಇದ್ದಾಳಲ್ಲ' ಎಂಬ ಭಾವ. ಕಾಯಿಪಲ್ಯದವನು ಬಂದರೂ ಕರೆ, ಸಿಲಿಂಡರ್ ಬಂದರೂ ಕರೆ. ಎರಡು ಕಡೆಯಿಂದಲೂ ಎಳೆತ. ಅವರ ಮನೆಯಲ್ಲಿ ಕೊನೆಗೆ ಕುಳಿತು ಮಾತನಾಡಿದರು. ಬೆಳಗಿನ ಎರಡು ಗಂಟೆಗಳ ಕಾಲ ಬಾಗಿಲು ಮುಂದೆ ಮಾಡಿದ್ದರೆ ಯಾರೂ ಕರೆಯತಕ್ಕದ್ದಲ್ಲ. ರಾತ್ರಿ ಎಂಟರ ಬಳಿಕ ಅವಳು ಮೇಲು ತೆರೆಯತಕ್ಕದ್ದಲ್ಲ. ತೀರ ಅಗತ್ಯದ ಕರೆಗೆ ಮಾತ್ರ ವಿನಾಯಿತಿ. ಈ ಒಪ್ಪಂದವನ್ನು ಮೊದಲು ಮುರಿದವರು ಮಾವನವರಂತೆ, ಕನ್ನಡಕ ಎಲ್ಲಿಟ್ಟೆನೆಂದು ಕೇಳಲು ಹೋಗಿ! ಆದರೂ ನಡೆದುಕೊಂಡು ಬರುತ್ತಿದೆ.

ಇದು ಕುಟುಂಬಗಳು ಮಾತ್ರವೇ ಬಗೆಹರಿಸಬೇಕಾದ ವಿಷಯವಲ್ಲವೆಂದು ಕೆಲವು ದೇಶಗಳು ಕಂಡುಕೊಂಡಿವೆ. ಫ್ರಾನ್ಸಿನಲ್ಲಿ 2017ರ ಜನವರಿ 1ರಿಂದ, 50ಕ್ಕಿಂತ ಹೆಚ್ಚು ನೌಕರರುಳ್ಳ ಸಂಸ್ಥೆಗಳು ಕೆಲಸದ ವೇಳೆಯ ಹೊರಗೆ ಮೇಲಿನಿಂದ ದೂರವಿರುವ ಹಕ್ಕಿನ ಬಗ್ಗೆ ನೌಕರರೊಡನೆ ಮಾತುಕತೆ ನಡೆಸಬೇಕೆಂಬ ಕಾನೂನು ಜಾರಿಗೆ ಬಂದಿತು. ಆಸ್ಟ್ರೇಲಿಯಾ 2024ರ ಆಗಸ್ಟ್ 26ರಿಂದ ಇಂತಹ ಹಕ್ಕನ್ನು ನೀಡಿತು. ನಮ್ಮ ಲೋಕಸಭೆಯಲ್ಲಿ ಶ್ರೀಮತಿ ಸುಪ್ರಿಯಾ ಸುಳೆಯವರು 2018ರ ಡಿಸೆಂಬರಿನಲ್ಲಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು, ಅದು ಕಾನೂನಾಗಲಿಲ್ಲ. ಕಾನೂನು ಬರುವವರೆಗೆ ಕಾಯುವ ಅಗತ್ಯ ಮೇಲಧಿಕಾರಿಗಳಾದ ನಮ್ಮ ಸಮಾಜಬಾಂಧವರಿಗಿಲ್ಲ. ರಾತ್ರಿ ಹನ್ನೊಂದಕ್ಕೆ ಹೊಳೆದ ವಿಚಾರವನ್ನು ಬರೆದಿಟ್ಟು ಬೆಳಿಗ್ಗೆ ಕಳುಹಿಸಬಹುದು. ಅದಕ್ಕೆ ಬೇಕಾದ ಅನುಕೂಲ ಮೇಲಿನಲ್ಲಿಯೇ ಇದೆ.

ಆರಂಭಿಸುವವರಿಗೆ ನಮಗೆ ತಿಳಿದ ಒಂದೆರಡು ಮಾತುಗಳು. ಮೊದಲು ಫೋನಿನಲ್ಲಿ ಮೇಲಿನ ನೋಟಿಫಿಕೇಶನ್ ಸದ್ದನ್ನು ನಿಲ್ಲಿಸಬೇಕು. ಸೆಟ್ಟಿಂಗ್ಸಿನಲ್ಲಿ ಅದಕ್ಕೆ ಎರಡು ನಿಮಿಷ ಸಾಕು, ಬಾರದವರು ಮನೆಯ ಮಕ್ಕಳನ್ನು ಕೇಳಿದರೆ ಅವರು ಅರ್ಧ ನಿಮಿಷದಲ್ಲಿ ಮಾಡಿಕೊಡುತ್ತಾರೆ. ದಿನದ ಮೊದಲ ಹೊತ್ತನ್ನು ಮೇಲಿಗೆ ಕೊಡದೆ, ಅಂದಿನ ಅತ್ಯಂತ ಕಠಿಣವಾದ ಕೆಲಸಕ್ಕೆ ಕೊಡುವುದು ಮೇಲು. ಕುಳಿತಾಗ ಮೇಲಿನಿಂದ ಕೆಳಗೆ ಒಂದೊಂದನ್ನೇ ಪೂರ್ತಿ ಓದಿ, ಅಲ್ಲಿಯೇ ಉತ್ತರಿಸುವುದನ್ನು ಉತ್ತರಿಸಿ, ಹೆಚ್ಚು ಕೆಲಸ ಬೇಡುವುದನ್ನು ದಿನಾಂಕಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಚನ್ನಗಿರಿಯ ಆ ಕಾರ್ಯದರ್ಶಿಗಳು ಈಗ ಹಳೆಯ ಆವಕ ವಹಿಯಂತೆಯೇ ಗೆರೆ ಎಳೆದ ಪುಸ್ತಕವೊಂದನ್ನು ಇಟ್ಟಿದ್ದಾರೆ. ವಾಯಿದೆಯ ಪಟ್ಟಿ ಬಂದ ದಿನವೇ ಅದರಲ್ಲಿ ಕೆಂಪು ಶಾಯಿಯಿಂದ ದಾಖಲಾಗುತ್ತದೆ. ಗಣಕದ ಕಾಲದಲ್ಲಿ ಪುಸ್ತಕವೇಕೆಂದು ನಗುವವರಿಗೆ ಅವರು ಉತ್ತರ ಕೊಡುವುದಿಲ್ಲ. ಹಾಗೆಯೇ, ನಾವು ಬರೆಯುವ ಮೇಲಿನ ವಿಷಯದ ಸಾಲಿನಲ್ಲಿ ಏನು ಬೇಕು, ಯಾವಾಗ ಬೇಕು ಎಂಬುದನ್ನು ಬರೆದರೆ ಎದುರಿನವರ ಹೊತ್ತೂ ಉಳಿಯುತ್ತದೆ. ಕನ್ನಡದಲ್ಲಿಯೇ ಬರೆಯಬಹುದು. ಪಟೇಲರು 1967ರಲ್ಲಿ ಲೋಕಸಭೆಯಲ್ಲಿಯೇ ಕನ್ನಡದಲ್ಲಿ ಮಾತನಾಡಿದವರು. ಅವರ ತಾಲ್ಲೂಕಿನವರು ಪಕ್ಕದ ಕಚೇರಿಗೆ ಇಂಗ್ಲಿಷಿನಲ್ಲಿ ಬರೆದು, ಅದನ್ನು ಎರಡು ಸಲ ಓದಿಸುವುದೇಕೆ?

ನ್ಯಾಮತಿಯ ಆ ಮನೆಗೆ ಕಳೆದ ತಿಂಗಳು ಮತ್ತೆ ಹೋಗಿದ್ದೆವು. ಫೋನು ಈಗ ರಾತ್ರಿಯಿಂದ ಬೆಳಗಿನ ಎಂಟೂವರೆಯವರೆಗೆ ಪಡಸಾಲೆಯ ಗೂಡಿನಲ್ಲಿರುತ್ತದೆ. ಪೂಜೆ ಮುಗಿಯುವವರೆಗೂ ಹುಡುಗನ ಕಣ್ಣು ಅತ್ತ ಹೊರಳಲಿಲ್ಲ. ಅನಂತರ ವಿಚಾರಿಸಿದಾಗ, ಮೊದಲ ಹದಿನೈದು ದಿನ ಸದ್ದಿಲ್ಲದ ಫೋನೇ ಕಿವಿಯಲ್ಲಿ ಸದ್ದು ಮಾಡುತ್ತಿತ್ತೆಂದನು. ತಂದೆಯವರಿಗೆ ಈಗ ಬೇರೊಂದು ಕಷ್ಟ ಬಂದಿದೆ. ಅಡಿಕೆಯ ಧಾರಣೆ ತಿಳಿಸುವ ವಾಟ್ಸಾಪ್ ಗುಂಪಿಗೆ ಅವರನ್ನು ಯಾರೋ ಸೇರಿಸಿದ್ದಾರೆ. ನಾವು ಮಾತನಾಡುತ್ತಿದ್ದಂತೆಯೇ ಮೂರು ಬಾರಿ ಜೇಬಿಗೆ ಕೈ ಹೋಯಿತು. ಮಗನು ನೋಡಿದನು, ಮಾತನಾಡಲಿಲ್ಲ.

ಈ ಕುರಿತು ಓದುಗ ಶರಣಶರಣೆಯರು ತಮ್ಮ ಅನುಭವವನ್ನು ಬರೆದು ಕಳುಹಿಸಬಹುದು, ಕಾಗದದಲ್ಲಾದರೂ ಸರಿ, ಮೇಲಿನಲ್ಲಾದರೂ ಸರಿ. ಅಂಕಣಕ್ಕೆ ಬಂದ ಪತ್ರಗಳನ್ನು ನಾವು ಶನಿವಾರ ಮಧ್ಯಾಹ್ನ ತೆರೆಯುತ್ತೇವೆ.